ದುರ್ಬಲ ಬಲಗಳು ಕಟ್ಟುವ ರಚನೆಗಳು: ಅಣುಗಳು ತಾವಾಗಿಯೇ ಜೋಡಣೆಗೊಳ್ಳುವುದು ಹೇಗೆ?

ಉಪನ್ಯಾಸಕ, ಉಡುಪಿ

ಪದವಿ ತರಗತಿಗಳಲ್ಲಿ ರಾಸಾಯನಿಕ ಬಂಧಗಳ ಪಾಠ ಮಾಡುವಾಗ ನಾವು ಹೆಚ್ಚಿನ ಸಮಯವನ್ನು ಅಯಾನಿಕ (ವಿರುದ್ಧ ವಿದ್ಯುದಂಶಗಳ ಸೆಳೆತದ) ಮತ್ತು ಸಹವೇಲೆನ್ಸೀಯ (ಎಲೆಕ್ಟ್ರಾನ್ ಹಂಚಿಕೊಳ್ಳುವ) ಬಂಧಗಳಿಗೆ ಕೊಟ್ಟು, ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ ಅಥವಾ ನೈಟ್ರೋಜನ್ ಕಡೆಗೆ ಸೆಳೆಯಲ್ಪಡುವ ಹೈಡ್ರೋಜನ್ ಬಂಧವನ್ನೂ, ಹತ್ತಿರ ಬಂದ ಎಲ್ಲ ಅಣುಗಳ ನಡುವೆಯೂ ಇರುವ ಕ್ಷೀಣ ಸೆಳೆತವಾದ ವ್ಯಾನ್ ಡರ್ ವಾಲ್ಸ್ ಬಲವನ್ನೂ ಕೊನೆಯ ಒಂದೆರಡು ಪುಟಗಳಲ್ಲಿ ಮುಗಿಸಿಬಿಡುತ್ತೇವೆ. ವಸ್ತುವನ್ನು ಕಟ್ಟುವುದೆಲ್ಲ ಬಲವಾದ ಬಂಧಗಳ ಕೆಲಸ, ಉಳಿದವು ಕುದಿಬಿಂದುವನ್ನು ಅಷ್ಟಿಷ್ಟು ಏರಿಸುವ ಚಿಲ್ಲರೆ ಬಲಗಳು ಎಂಬ ಭಾವನೆ ಇದರಿಂದ ವಿದ್ಯಾರ್ಥಿಗಳಲ್ಲಿ ಬೇರೂರುತ್ತದೆ. ಆ ಭಾವನೆ ಸರಿಯಲ್ಲವೆಂದು ತೋರಿಸುವುದಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಜೀವಕೋಶದ ಪೊರೆ, ಡಿಎನ್‌ಎಯ ಜೋಡಿ ಎಳೆ, ಹಾಲಿನ ಪ್ರೋಟೀನಾದ ಕೇಸಿನ್ ಕಣ, ವೈರಸ್ಸಿನ ಹೊರಕವಚ ಇವೆಲ್ಲ ಯಾರ ಕೈಯೂ ತಾಗದೆ ಕ್ರಮಬದ್ಧವಾಗಿ ಕೂಡಿಕೊಳ್ಳಲು ಸಾಧ್ಯವಾಗಿರುವುದು, ಅವುಗಳನ್ನು ಕೂಡಿಸುವ ಬಲಗಳು ಒಂದೊಂದಾಗಿ ನೋಡಿದರೆ ದುರ್ಬಲವಾಗಿರುವುದರಿಂದಲೇ ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಎರಡು ಕಾರ್ಬನ್ ಪರಮಾಣುಗಳ ನಡುವಿನ ಒಂಟಿ ಬಂಧವನ್ನು ಮುರಿಯಲು ಪ್ರತಿ ಮೋಲ್‌ಗೆ (ಅಣುಗಳನ್ನು ಎಣಿಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸುಮಾರು 350 ಕಿಲೋಜೌಲ್ ಶಕ್ತಿ ಬೇಕು. ನೀರಿನ ಎರಡು ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ಎರಡು ಮೀಥೇನ್ ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತ ಒಂದೆರಡು ಕಿಲೋಜೌಲ್‌ಗಳಷ್ಟೇ. ಇವನ್ನು ಅಳೆಯಬೇಕಾದ ಕೋಲು ಉಷ್ಣಶಕ್ತಿ, ಅಂದರೆ ಬಿಸಿಯಿಂದಾಗಿ ಅಣುಗಳು ಸದಾ ಅಲುಗಾಡುವ ಶಕ್ತಿ. ನಮ್ಮ ಕರಾವಳಿಯ ಸಾಮಾನ್ಯ ತಾಪಮಾನವಾದ 27 ಡಿಗ್ರಿಯಲ್ಲಿ ಅದು ಮೋಲ್‌ಗೆ 2.5 ಕಿಲೋಜೌಲ್. ಅಂದರೆ ಹೈಡ್ರೋಜನ್ ಬಂಧವು ಉಷ್ಣಶಕ್ತಿಯ ಎಂಟು ಪಟ್ಟು, ಕಾರ್ಬನ್ ಬಂಧವು 140 ಪಟ್ಟು. ಬೋಲ್ಟ್ಸ್‌ಮನ್ ಸೂತ್ರದಂತೆ ಎಂಟು ಪಟ್ಟಿನ ತಡೆಯನ್ನು ದಾಟುವ ಸಂಭವ ಸುಮಾರು 3000ದಲ್ಲಿ ಒಂದು. ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಕಂಪಿಸುವ ಅಣುವಿಗೆ ಇದು ಏನೇನೂ ಅಲ್ಲ. 140 ಪಟ್ಟಿನ ತಡೆಯನ್ನು ದಾಟುವ ಸಂಭವವನ್ನು ಬರೆಯಬೇಕಾದರೆ ದಶಮಾಂಶ ಬಿಂದುವಿನ ನಂತರ 60 ಸೊನ್ನೆಗಳನ್ನು ಹಾಕಬೇಕು. ನೀರಿನಲ್ಲಿ ಒಂದು ಹೈಡ್ರೋಜನ್ ಬಂಧದ ಆಯುಷ್ಯ ಪಿಕೋಸೆಕೆಂಡುಗಳ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಲೆಕ್ಕದ್ದು. ಕೋಣೆಯ ತಾಪದಲ್ಲಿ ಕಾರ್ಬನ್ ಬಂಧ ತಾನಾಗಿ ಮುರಿಯುವುದೇ ಇಲ್ಲ ಎನ್ನಬಹುದು.

ದ್ರಾವಣದಲ್ಲಿ ಅಲೆಯುವ ಅಣುವಿಗೆ ತಾನು ಎಲ್ಲಿ ಕೂರಬೇಕೆಂದು ಗೊತ್ತಿರುವುದಿಲ್ಲ, ಡಿಕ್ಕಿ ಹೊಡೆದಲ್ಲೆಲ್ಲ ಅಂಟಿಕೊಳ್ಳುತ್ತದೆ. ಆ ಅಂಟು ಬಲವಾದದ್ದಾದರೆ ಮೊದಲ ತಪ್ಪೇ ಕೊನೆಯದಾಗಿ ಉಳಿದು, ಅದರ ಮೇಲೆ ಮತ್ತಷ್ಟು ತಪ್ಪುಗಳು ಕೂತು, ಕೊನೆಗೆ ಸಿಗುವುದು ಆಕಾರವಿಲ್ಲದ ಒಂದು ಮುದ್ದೆ. ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿಗೆ, ಇಟ್ಟ ಕ್ಷಣವೇ ಕಲ್ಲಾಗಿಬಿಡುವ ಗಾರೆಯನ್ನು ಕೊಟ್ಟರೆ ಅವನು ಕಲ್ಲನ್ನು ಅಲುಗಿಸಿ ಮಟ್ಟಕ್ಕೆ ತರುವುದು ಹೇಗೆ? ದುರ್ಬಲ ಬಂಧಗಳ ವ್ಯವಸ್ಥೆಯಲ್ಲಿ ತಪ್ಪು ಜಾಗದಲ್ಲಿ ಕೂತ ಅಣುವಿಗೆ ಒಂದೋ ಎರಡೋ ಸಂಪರ್ಕಗಳಿರುತ್ತವೆ, ಅದು ಬೇಗನೆ ಎದ್ದುಹೋಗುತ್ತದೆ. ಸರಿಯಾದ ಜಾಗದಲ್ಲಿ ಕೂತದ್ದಕ್ಕೆ ಹತ್ತಾರು ಸಂಪರ್ಕಗಳು ಸಿಗುತ್ತವೆ. ಸಂಪರ್ಕಗಳ ಶಕ್ತಿ ಕೂಡುತ್ತ ಹೋದಂತೆ ಬಿಟ್ಟುಹೋಗುವ ಸಂಭವ ಗುಣಾಕಾರದಲ್ಲಿ ಕುಗ್ಗುತ್ತದೆ. ಆದ್ದರಿಂದ ಸರಿಯಾದದ್ದು ಉಳಿಯುತ್ತದೆ, ತಪ್ಪಾದದ್ದು ತೊಳೆದುಹೋಗುತ್ತದೆ.

ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಕ್ಷಿ ತಂಬಾಕು ಗಿಡಕ್ಕೆ ರೋಗ ತರುವ ಮೊಸಾಯಿಕ್ ವೈರಸ್. ಸುಮಾರು 300 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯ ಒಂದು ಪಾಲು) ಉದ್ದ, 18 ನ್ಯಾನೋಮೀಟರ್ ದಪ್ಪದ ಆ ಕೋಲಿನಲ್ಲಿ ಒಂದೇ ಬಗೆಯ ಪ್ರೋಟೀನಿನ ಸುಮಾರು 2130 ಪ್ರತಿಗಳು ಆನುವಂಶಿಕ ಮಾಹಿತಿ ಹೊತ್ತ ಒಂದು ಆರ್‌ಎನ್‌ಎ ಎಳೆಯ ಸುತ್ತ ಸುರುಳಿಯಾಗಿ ಕೂತಿವೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಈ ವೈರಸ್ಸಿನ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬಿಡಿಸಿ ಬೇರೆ ಮಾಡಿ, ಪುನಃ ಒಂದೇ ದ್ರಾವಣದಲ್ಲಿ ಬೆರೆಸಿದಾಗ, ಗಿಡಕ್ಕೆ ರೋಗ ತಗುಲಿಸಬಲ್ಲ ವೈರಸ್ ಕಣಗಳೇ ಮರಳಿ ರೂಪುಗೊಂಡವು. ನಕ್ಷೆಯೆಲ್ಲ ಬಿಡಿಭಾಗಗಳ ಆಕಾರದಲ್ಲೇ ಇತ್ತು.

ಮಲ್ಪೆ ನಿವಾಸಿ

ಸರ್, ಬಹಳ ಸ್ಪಷ್ಟವಾಗಿ ಬರೆದಿದ್ದೀರಿ. ಆದರೆ ನನಗೊಂದು ಸಂದೇಹವಿದೆ. ನಮ್ಮದು ಮೀನುಗಾರಿಕೆಯ ಮನೆ; ಬಲೆ, ಹಗ್ಗಗಳ ನಡುವೆಯೇ ಬೆಳೆದವನು ನಾನು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮುರಿದು ಕೂಡುವ ಬಂಧಗಳಿಂದ ಆದ ರಚನೆಯನ್ನು ನಂಬಿ ಯಾವ ಕೆಲಸಕ್ಕೆ ಬಳಸಬಹುದು? ಕೊನೆಗೂ ಭಾರ ಹೊರುವುದು ಬಲವಾದ ಬಂಧವೇ ಅಲ್ಲವೇ?

ಉಪನ್ಯಾಸಕ, ಉಡುಪಿ

ನಿಮ್ಮ ಮನೆಯ ಬಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಿಲ್‌ನೆಟ್ ಬಲೆಗಳಿಗೆ ಹೆಚ್ಚಾಗಿ ನೈಲಾನ್ ನೂಲನ್ನೂ, ಟ್ರಾಲ್ ಬಲೆಗಳಿಗೆ ಹೆಚ್ಚಾಗಿ ಪಾಲಿಎಥಿಲೀನ್ ನೂಲನ್ನೂ ಬಳಸುತ್ತಾರೆ. ಎರಡೂ ಕಾರ್ಬನ್ನಿನ ಉದ್ದನೆಯ ಸರಪಳಿಗಳೇ. ಸರಪಳಿಯ ಉದ್ದಕ್ಕೂ ಇರುವುದು ಸಹವೇಲೆನ್ಸೀಯ ಬಂಧಗಳೇ. ವ್ಯತ್ಯಾಸವಿರುವುದು ಒಂದು ಸರಪಳಿಗೂ ಅದರ ಪಕ್ಕದ ಸರಪಳಿಗೂ ನಡುವೆ. ಪಾಲಿಎಥಿಲೀನಿನಲ್ಲಿ ಅಲ್ಲಿರುವುದು ವ್ಯಾನ್ ಡರ್ ವಾಲ್ಸ್ ಸೆಳೆತ ಮಾತ್ರ. ನೈಲಾನಿನಲ್ಲಿ ಕೆಲವು ಕಾರ್ಬನ್‌ಗಳಿಗೊಮ್ಮೆ ನೈಟ್ರೋಜನ್ ಮತ್ತು ಆಕ್ಸಿಜನ್ ಇರುವ ಒಂದು ಅಮೈಡ್ ಗುಂಪು ಬರುತ್ತದೆ, ಅದು ಪಕ್ಕದ ಸರಪಳಿಯ ಅಮೈಡ್ ಗುಂಪಿನೊಡನೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸದಿಂದ ಬಲೆಗೆ ಬಳಸುವ ಪಾಲಿಎಥಿಲೀನ್ ಸುಮಾರು 130 ಡಿಗ್ರಿಯಲ್ಲಿ ಕರಗಿದರೆ ನೈಲಾನ್-6 ಕರಗಲು ಸುಮಾರು 220 ಡಿಗ್ರಿ ಬೇಕು. ಕತ್ತರಿಸಿದ ಹಗ್ಗದ ತುದಿ ಬಿಚ್ಚಿಕೊಳ್ಳದಿರಲೆಂದು ಬೆಂಕಿಗೆ ಹಿಡಿಯುವಾಗ ಒಂದು ಕೂಡಲೇ ಕುಗ್ಗಿ ಕರಗುವುದನ್ನೂ ಇನ್ನೊಂದು ತುಸು ತಡೆದು ಕರಗುವುದನ್ನೂ ನೀವು ನೋಡಿಯೇ ಇರುತ್ತೀರಿ.

ಇನ್ನೂ ಒಂದು ಸಂಗತಿ. ನೈಲಾನ್ ನೂಲು ಒದ್ದೆಯಾದಾಗ ತನ್ನ ಬಲದಲ್ಲಿ ಶೇಕಡಾ 10ರಿಂದ 15ರಷ್ಟನ್ನು ಕಳೆದುಕೊಳ್ಳುತ್ತದೆ, ಪಾಲಿಎಥಿಲೀನ್ ಕಳೆದುಕೊಳ್ಳುವುದಿಲ್ಲ. ನೀರಿನ ಅಣುಗಳು ಒಳಗೆ ನುಸುಳಿ, ಎರಡು ಅಮೈಡ್‌ಗಳ ನಡುವಿನ ಹೈಡ್ರೋಜನ್ ಬಂಧವನ್ನು ಬಿಡಿಸಿ ತಾವೇ ಅಲ್ಲಿ ಕೂರುತ್ತವೆ. ಬಲೆಯ ಭಾರವನ್ನು ಬಲವಾದ ಬಂಧಗಳಷ್ಟೇ ಹೊರುತ್ತಿದ್ದರೆ ಸಮುದ್ರದ ನೀರು ಅದನ್ನು ಈ ರೀತಿ ಸಡಿಲಿಸುತ್ತಿರಲಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಸುರತ್ಕಲ್

ಸರ್, ನಿಮ್ಮ ಮುಖ್ಯ ವಾದವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಇಲ್ಲಿಯವರೆಗಿನ ಮಾತೆಲ್ಲ ಅಣುಗಳು ಒಂದನ್ನೊಂದು ಸೆಳೆಯುವುದರ ಕುರಿತಾಗಿದೆ. ನೀರಿನಲ್ಲಿ ನಡೆಯುವ ಜೋಡಣೆಗಳಲ್ಲಿ ಬಹುಪಾಲನ್ನು ನಡೆಸುವುದು ಅಂಥ ಸೆಳೆತವಲ್ಲ, ನೀರಿನ ಎಂಟ್ರೊಪಿ, ಅಂದರೆ ಅದರ ಅಸ್ತವ್ಯಸ್ತತೆ.

ಎಣ್ಣೆಯ ಸರಪಳಿಯೊಂದು ನೀರಿಗೆ ಬಿದ್ದಾಗ ಅದರ ಸುತ್ತಲಿನ ನೀರಿನ ಅಣುಗಳು ಅದರೊಡನೆ ಹೈಡ್ರೋಜನ್ ಬಂಧ ಕಟ್ಟಲಾರವು. ತಮ್ಮತಮ್ಮೊಳಗಿನ ಬಂಧಗಳನ್ನು ಉಳಿಸಿಕೊಳ್ಳಬೇಕಾದರೆ ಅವು ಕೆಲವೇ ದಿಕ್ಕುಗಳಿಗೆ ಮುಖಮಾಡಿ ನಿಲ್ಲಬೇಕಾಗುತ್ತದೆ, ಮುಕ್ತವಾಗಿ ತಿರುಗುವ ಸ್ವಾತಂತ್ರ್ಯ ಹೋಗುತ್ತದೆ. ಅಂಥ ಹಲವು ಸರಪಳಿಗಳು ಒಟ್ಟುಗೂಡಿದರೆ ನೀರಿಗೆ ತಾಗುವ ಮೇಲ್ಮೈ ಕಡಿಮೆಯಾಗಿ, ಕಟ್ಟುಬಿದ್ದಿದ್ದ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಸರಪಳಿಗಳು ಕ್ರಮಕ್ಕೆ ಬಂದದ್ದರಿಂದ ಆದ ನಷ್ಟಕ್ಕಿಂತ ನೀರು ಗಳಿಸಿದ ಅಸ್ತವ್ಯಸ್ತತೆ ಹೆಚ್ಚು. ಒಟ್ಟು ಎಂಟ್ರೊಪಿ ಏರುವುದರಿಂದಲೇ ಕ್ರಮ ಹುಟ್ಟುತ್ತದೆ ಎಂಬುದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಇದಕ್ಕೆ ಪುರಾವೆ ತಂಪಿನಲ್ಲಿದೆ. ಸೆಳೆತವೇ ಕಾರಣವಾಗಿದ್ದರೆ ತಣ್ಣಗಾದಷ್ಟೂ ಜೋಡಣೆ ಗಟ್ಟಿಯಾಗಬೇಕಿತ್ತು. ಆದರೆ ನೀವು ಹೇಳಿದ ತಂಬಾಕು ವೈರಸ್ಸಿನ ಕವಚ ಪ್ರೋಟೀನನ್ನು, ಆರ್‌ಎನ್‌ಎ ಇಲ್ಲದೆ ಜೋಡಣೆಗೊಂಡ ಸ್ಥಿತಿಯಲ್ಲಿ ತಂಪಾಗಿಸಿದರೆ ಅದು ಬಿಡಿಬಿಡಿಯಾಗುತ್ತದೆ, ಬೆಚ್ಚಗಾಗಿಸಿದರೆ ಮತ್ತೆ ಕೂಡುತ್ತದೆ. ಜೀವಕೋಶದೊಳಗಿನ ಮೈಕ್ರೊಟ್ಯೂಬ್ಯೂಲ್ ಎಂಬ ನಳಿಕೆಗಳೂ ತಂಪಿಗೆ ಕಳಚಿಕೊಳ್ಳುತ್ತವೆ.

ನೀರನ್ನು ಬಯಸುವ ತಲೆಯೂ ಎಣ್ಣೆಯಂಥ ಕಾರ್ಬನ್ ಸರಪಳಿಯ ಬಾಲವೂ ಇರುವ ಸಾಬೂನಿನ ವರ್ಗದ ಅಣುಗಳಲ್ಲಿ ಇದನ್ನು ಅಂಕಿಗಳಲ್ಲೇ ನೋಡಬಹುದು. ಶಾಂಪೂ ಮತ್ತು ಟೂತ್‌ಪೇಸ್ಟ್‌ಗಳ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಎಂದು ಬರೆದಿರುತ್ತದಲ್ಲ, ಅದರ ಬಾಲದಲ್ಲಿ 12 ಕಾರ್ಬನ್‌ಗಳಿವೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಮೋಲ್ ಆಗುವವರೆಗೆ ಅದು ನೀರಿನಲ್ಲಿ ಬಿಡಿಯಾಗಿಯೇ ಇರುತ್ತದೆ, ಆ ಮಿತಿ ದಾಟಿದೊಡನೆ ಸುಮಾರು 60 ಅಣುಗಳ ಗೋಳಗಳಾಗಿ, ಅಂದರೆ ಮಿಸೆಲ್‌ಗಳಾಗಿ ಕೂಡುತ್ತದೆ. ಬಾಲಕ್ಕೆ ಎರಡು ಕಾರ್ಬನ್ ಸೇರಿಸಿ 14 ಮಾಡಿದರೆ ಮಿತಿ 2 ಮಿಲಿಮೋಲ್‌ಗೆ ಇಳಿಯುತ್ತದೆ, ಎರಡು ತೆಗೆದು 10 ಮಾಡಿದರೆ 30ನ್ನು ದಾಟುತ್ತದೆ. ಹೀಗೆ ಕಾರ್ಬನ್ನಿಗೊಮ್ಮೆ ಮಿತಿ ಅರ್ಧವಾಗುತ್ತ ಹೋಗುತ್ತದೆ. ಲೆಕ್ಕ ಹಾಕಿದರೆ ಒಂದು ಕಾರ್ಬನ್ನಿನ ಪಾಲು ಮೋಲ್‌ಗೆ ಎರಡು ಕಿಲೋಜೌಲ್‌ಗಿಂತಲೂ ಕಡಿಮೆ. ಉಷ್ಣಶಕ್ತಿಗಿಂತಲೂ ಚಿಕ್ಕದಾದ ಒಂದು ಪಾಲು ಹನ್ನೆರಡು ಸಲ ಕೂಡಿದಾಗ ಮಿಸೆಲ್ ಆಗುತ್ತದೆ.

ಕೂಡಿದ ಮೇಲೆ ಯಾವ ಆಕಾರ ಬರುತ್ತದೆ ಎಂಬುದನ್ನು ಇಸ್ರೇಲಾಚ್ವಿಲಿ, ಮಿಚೆಲ್ ಮತ್ತು ನಿನ್‌ಹ್ಯಾಮ್ 1976ರಲ್ಲಿ ಒಂದು ಸರಳ ಅನುಪಾತದಿಂದ ವಿವರಿಸಿದರು: ಬಾಲದ ಘನಗಾತ್ರವನ್ನು, ತಲೆಯ ವಿಸ್ತೀರ್ಣ ಮತ್ತು ಬಾಲದ ಉದ್ದದ ಗುಣಲಬ್ಧದಿಂದ ಭಾಗಿಸಬೇಕು. ಅದು ಮೂರರಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ಗೋಳ, ಅರ್ಧದವರೆಗೆ ಕೊಳವೆ, ಅಲ್ಲಿಂದ ಒಂದರವರೆಗೆ ಹಾಳೆ. ಒಂದು ಬಾಲವಿರುವ ಲಾರಿಲ್ ಸಲ್ಫೇಟ್ ಗೋಳವಾಗುವುದಕ್ಕೂ ಎರಡು ಬಾಲಗಳಿರುವ, ಕೊಬ್ಬಿನ ಜಾತಿಯ ಅಣುವಾದ ಫಾಸ್ಫೊಲಿಪಿಡ್ ಜೀವಕೋಶದ ಪೊರೆಯಾಗುವುದಕ್ಕೂ ಇದೇ ಕಾರಣ.

ಕೃಷಿಕ, ಬೆಳ್ತಂಗಡಿ

ನಾನು ವಿಜ್ಞಾನ ಓದಿದವನಲ್ಲ, ಆದರೆ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಧನುರ್ಮಾಸದ ಬೆಳಗ್ಗೆ ನಮ್ಮ ಕಡೆ ಬಾಟಲಿಯಲ್ಲಿಟ್ಟ ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಪಕ್ಕದಲ್ಲೇ ಇರುವ ಎಳ್ಳೆಣ್ಣೆಗೆ ಏನೂ ಆಗುವುದಿಲ್ಲ. ಇದೂ ನೀವು ಹೇಳುವ ಜೋಡಣೆಯೇ? ಇನ್ನೊಂದು ಮಾತು, ತಾನಾಗಿ ಹೆಪ್ಪುಗಟ್ಟಿದ ಎಣ್ಣೆ ಹರಳು ಹರಳಾಗಿರುತ್ತದೆ, ಫ್ರಿಜ್ಜಿನಲ್ಲಿಟ್ಟದ್ದು ನುಣ್ಣಗಿರುತ್ತದೆ. ಏಕೆಂದು ತಿಳಿಸುವಿರಾ?

ಉಪನ್ಯಾಸಕ, ಉಡುಪಿ

ಖಂಡಿತವಾಗಿಯೂ ಅದೇ, ಮತ್ತು ನಿಮ್ಮ ಎರಡನೆಯ ಗಮನಿಕೆ ಈ ಚರ್ಚೆಗೆ ಬಹಳ ಬೆಲೆಬಾಳುವಂಥದ್ದು. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ; ಮೇಲೆ ಹೇಳಿದ ಲಾರಿಲ್‌ನ 12 ಕಾರ್ಬನ್ನಿನ ಬಾಲವೇ ಇದು. ಇವು ಪರ್ಯಾಪ್ತ, ಅಂದರೆ ಕಾರ್ಬನ್‌ಗಳ ನಡುವೆ ದ್ವಿಬಂಧವಿಲ್ಲದ, ಸರಪಳಿಗಳಾದ್ದರಿಂದ ನೇರವಾಗಿ ಚಾಚಿಕೊಂಡು ಒಂದರ ಪಕ್ಕ ಒಂದು ಒತ್ತಾಗಿ ಮಲಗಬಲ್ಲವು. ಹಾಗೆ ಮಲಗಿದಾಗ ಉದ್ದಕ್ಕೂ ವ್ಯಾನ್ ಡರ್ ವಾಲ್ಸ್ ಸೆಳೆತ ಕೂಡುತ್ತ ಹೋಗಿ, ಸುಮಾರು 24 ಡಿಗ್ರಿಗಿಂತ ಕೆಳಗೆ ಉಷ್ಣದ ಚಲನೆಯನ್ನು ಮಣಿಸುತ್ತದೆ. ಎಳ್ಳೆಣ್ಣೆಯ ಸರಪಳಿಗಳು 18 ಕಾರ್ಬನ್ನುಗಳಷ್ಟು ಉದ್ದವಿದ್ದರೂ ಅವುಗಳಲ್ಲಿ ಹೆಚ್ಚಿನವುಗಳ ನಡುವೆ ದ್ವಿಬಂಧವಿರುವಲ್ಲಿ ಒಂದು ಕೊಂಕು ಇದೆ. ಕೊಂಕಿದ ಸರಪಳಿಗಳು ಒತ್ತಾಗಿ ಕೂರಲಾರವು, ಹಾಗಾಗಿ ಎಣ್ಣೆ ದ್ರವವಾಗಿಯೇ ಉಳಿಯುತ್ತದೆ. ಇಲ್ಲಿ ನೀರಿನ ಪಾತ್ರವಿಲ್ಲ, ಇದು ಶುದ್ಧ ಸೆಳೆತ. ಆದ್ದರಿಂದಲೇ ತಂಪಿನಲ್ಲಿ ಕೂಡುತ್ತದೆ, ಕಳಚುವುದಿಲ್ಲ.

ಈಗ ಹರಳಿನ ಮಾತು. ಬೆಳಗಿನ ಜಾವದ ತಂಪು ಕರಗುಬಿಂದುವಿಗಿಂತ ಕೆಲವೇ ಡಿಗ್ರಿಗಳಷ್ಟು ಕೆಳಗಿರುತ್ತದೆ. ಅಷ್ಟು ಕಡಿಮೆ ಅಂತರದಲ್ಲಿ ಹೊಸ ಹರಳುಗಳು ಹುಟ್ಟುವುದು ಅಪರೂಪ, ಹುಟ್ಟಿದ ಕೆಲವಕ್ಕೆ ಸುತ್ತಲಿನ ಅಣುಗಳು ಬಂದು ಕೂತು, ಸರಿಹೊಂದದವು ಎದ್ದುಹೋಗಿ, ನಿಧಾನವಾಗಿ ಅವು ದೊಡ್ಡದಾಗುತ್ತವೆ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಏಕಕಾಲಕ್ಕೆ ಎಲ್ಲೆಲ್ಲೂ ಹರಳುಗಳು ಹುಟ್ಟುತ್ತವೆ, ಬೆಳೆಯಲು ಜಾಗವೂ ಇಲ್ಲ, ತಪ್ಪನ್ನು ತಿದ್ದಿಕೊಳ್ಳಲು ಸಮಯವೂ ಇಲ್ಲ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ನುಣುಪಾದ ಗಟ್ಟಿ ಸಿಗುತ್ತದೆ. ತುಪ್ಪವನ್ನು ಹರಳಾಗಿಸಬೇಕೆನ್ನುವವರು ಕಾಯಿಸಿದ ಪಾತ್ರೆಯನ್ನು ಅಲುಗಿಸದೆ ನಿಧಾನವಾಗಿ ಆರಲು ಬಿಡುವುದರ ಹಿಂದಿರುವುದೂ ಇದೇ ತತ್ತ್ವ.

ಗೃಹಿಣಿ, ಮಂಗಳೂರು

ಹಾಲಿನ ಕೇಸಿನ್ ಕಣದ ಪ್ರಸ್ತಾಪ ಆರಂಭದಲ್ಲಿ ಬಂದಿತ್ತು. ಹಾಗಾದರೆ ಮೊಸರು ಹೆಪ್ಪಾಗುವುದನ್ನೂ ಸ್ವಯಂಜೋಡಣೆ ಎನ್ನಬಹುದೇ? ನಮ್ಮ ಸೆಖೆಗೆ ರಾತ್ರಿ ಬೆಳಗಾಗುವುದರೊಳಗೆ ಹೆಪ್ಪಾಗಿ ಹುಳಿಯೂ ಬಂದಿರುತ್ತದೆ.

ಸಂಶೋಧನಾ ವಿದ್ಯಾರ್ಥಿನಿ, ಸುರತ್ಕಲ್

ಅಕ್ಕ, ಅರ್ಧ ಹೌದು, ಅರ್ಧ ಅಲ್ಲ. ಹಾಲಿನಲ್ಲಿ ಕೇಸಿನ್ ಪ್ರೋಟೀನುಗಳು ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಗುಚ್ಛಗಳ ಸುತ್ತ ಕೂಡಿ, ಹೆಚ್ಚಾಗಿ 100ರಿಂದ 200 ನ್ಯಾನೋಮೀಟರ್ ಗಾತ್ರದ ಕಣಗಳಾಗಿರುತ್ತವೆ. ಇದು ನಿಜವಾದ ಸ್ವಯಂಜೋಡಣೆ. ಹಾಲನ್ನು ಫ್ರಿಜ್ಜಿನಲ್ಲಿಟ್ಟಾಗ ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನ ಸ್ವಲ್ಪ ಭಾಗ ಕಣದಿಂದ ಹೊರಬಂದು, ಬೆಚ್ಚಗಾದಾಗ ಮರಳುತ್ತದೆ. ಮೇಲೆ ಹೇಳಿದ ನೀರಿನ ಎಂಟ್ರೊಪಿ ಇಲ್ಲಿಯೂ ಕೆಲಸ ಮಾಡುತ್ತಿದೆ.

ಈ ಕಣಗಳ ಹೊರಮೈಯಲ್ಲಿ ಕಪ್ಪಾ ಕೇಸಿನ್ ಎಂಬ ಪ್ರೋಟೀನಿನ ಎಳೆಗಳು ಕೂದಲಿನಂತೆ ಹೊರಚಾಚಿದ್ದು, ಅವುಗಳ ಋಣ ವಿದ್ಯುದಂಶವು ಕಣಗಳನ್ನು ದೂರವಿರಿಸುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತ ಹೋದಂತೆ ಹಾಲಿನ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 6.7ರಿಂದ 4.6ರ ಕಡೆಗೆ ಇಳಿದು, ವಿದ್ಯುದಂಶ ತಟಸ್ಥವಾಗಿ, ಕೂದಲು ಕುಸಿದು, ಕಣಗಳು ತಗುಲಿದಲ್ಲಿ ತಗುಲಿದಂತೆ ಅಂಟಿ ಒಂದು ಬಲೆಯಾಗುತ್ತವೆ. ಅಂಟು ಜೋರಾಗಿರುವುದರಿಂದ ತಿದ್ದುಪಡಿಗೆ ಅವಕಾಶ ಕಡಿಮೆ. ಮೊಸರು ಹೀಗೆ ಅರ್ಧದಾರಿಯಲ್ಲಿ ನಿಂತುಹೋದ ಜೋಡಣೆ. ಆದರೂ ಅದು ಪೂರ್ತಿ ನಿಂತಿಲ್ಲ ಎಂಬುದನ್ನು ನೀವೇ ನೋಡಬಹುದು. ಗಟ್ಟಿ ಮೊಸರಿನಿಂದ ಒಂದು ಸೌಟು ತೆಗೆದು ಪಾತ್ರೆಯನ್ನು ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಆ ಗುಳಿಯಲ್ಲಿ ತಿಳಿಹಳದಿ ನೀರು ತುಂಬಿಕೊಳ್ಳುತ್ತದೆ. ಬಲೆಯ ಎಳೆಗಳು ಬಿಟ್ಟು ಬೇರೆ ಕಡೆ ಕೂಡಿಕೊಳ್ಳುತ್ತ ಒತ್ತಾಗುವಾಗ ಹಿಂಡಿ ಹೊರಹಾಕಿದ ನೀರು ಅದು.

ಔಷಧ ವಿಜ್ಞಾನದ ಅಧ್ಯಾಪಕ, ಮಣಿಪಾಲ

ಮಿಸೆಲ್ ಮತ್ತು ಪೊರೆಗಳ ವ್ಯತ್ಯಾಸ ನಮ್ಮ ಕ್ಷೇತ್ರದಲ್ಲಿ ರೋಗಿಯ ಹಿತಕ್ಕೇ ಸಂಬಂಧಿಸಿದ್ದು ಎಂಬುದನ್ನು ಸೇರಿಸಬಯಸುತ್ತೇನೆ. ಲಾರಿಲ್ ಸಲ್ಫೇಟಿನಂಥ ಅಣುಗಳ ಮಿಸೆಲ್ಲಿನೊಳಗೆ ಔಷಧವನ್ನಿಟ್ಟು ರಕ್ತಕ್ಕೆ ಬಿಟ್ಟರೆ, ಕೆಲವು ಲೀಟರ್ ರಕ್ತದಲ್ಲಿ ಅದು ತೆಳುವಾಗಿ, ಮಿತಿಗಿಂತ ಕೆಳಗಿಳಿದು, ಬಿಚ್ಚಿಕೊಳ್ಳುತ್ತದೆ. ಎರಡು ಉದ್ದ ಬಾಲಗಳಿರುವ ಫಾಸ್ಫೊಲಿಪಿಡ್‌ಗಳ ಮಿತಿ ಅದಕ್ಕಿಂತ ಕೋಟಿ ಪಾಲಿನಷ್ಟು ಕಡಿಮೆ. ಎಷ್ಟು ತೆಳುವಾದರೂ ಅವುಗಳ ಪೊರೆಯಿಂದಾದ ಟೊಳ್ಳು ಚೀಲ ಉಳಿಯುತ್ತದೆ. ಕ್ಯಾನ್ಸರ್ ಔಷಧವಾದ ಡಾಕ್ಸೊರುಬಿಸಿನ್ ಅನ್ನು ಇಂಥ ಚೀಲಗಳಲ್ಲಿ, ಅಂದರೆ ಲೈಪೊಸೋಮುಗಳಲ್ಲಿ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ದೊರೆಯಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳ ಕಣಗಳೂ ಹೀಗೆಯೇ: ಆಲ್ಕೊಹಾಲಿನಲ್ಲಿ ಕರಗಿಸಿದ ಲಿಪಿಡ್‌ಗಳನ್ನೂ ಆಮ್ಲೀಯ ನೀರಿನಲ್ಲಿರುವ ಆರ್‌ಎನ್‌ಎಯನ್ನೂ ವೇಗವಾಗಿ ಬೆರೆಸಿದಾಗ ಸುಮಾರು 100 ನ್ಯಾನೋಮೀಟರಿನ ಕಣಗಳು ತಾವಾಗಿ ಮೂಡುತ್ತವೆ. ಅಷ್ಟು ಸಣ್ಣ ಕಣದೊಳಗೆ ಆರ್‌ಎನ್‌ಎಯನ್ನು ತುಂಬಬಲ್ಲ ಯಂತ್ರ ಬೇರೆ ಇಲ್ಲ.

ಕರ್ನಾಟಕದವರು ಹೆಮ್ಮೆಯಿಂದ ನೆನೆಯಬೇಕಾದ ಒಂದು ಕೆಲಸವೂ ಇದೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್, ಬೆಂಜೀನ್ ಉಂಗುರದ ಸುತ್ತ ಆರು ಸರಪಳಿಗಳನ್ನು ಜೋಡಿಸಿದ ಬಿಲ್ಲೆಯಾಕಾರದ ಅಣುಗಳು ಒಂದರ ಮೇಲೊಂದು ಕೂತು ಕಂಬಗಳಾಗಿ, ಆ ಕಂಬಗಳು ದ್ರವಸ್ಫಟಿಕ, ಅಂದರೆ ದ್ರವದಂತೆ ಹರಿದರೂ ಹರಳಿನಂಥ ಕ್ರಮವಿರುವ ವಸ್ತು, ಆಗುವುದನ್ನು ತೋರಿಸಿದರು. ಅದುವರೆಗೆ ದ್ರವಸ್ಫಟಿಕವೆಂದರೆ ಕಡ್ಡಿಯಾಕಾರದ ಅಣುಗಳದ್ದು ಎಂದೇ ತಿಳಿಯಲಾಗಿತ್ತು. ಆ ಕಂಬಗಳನ್ನು ಹಿಡಿದಿರುವುದು ದುರ್ಬಲ ಬಲಗಳೇ.

ಎಂಜಿನಿಯರ್, ಮಂಗಳೂರು

ಉಪನ್ಯಾಸಕರೇ, ನಿಮ್ಮ ವಾದಕ್ಕೆ ಒಂದು ಆಕ್ಷೇಪಣೆ. 2025ರ ರಸಾಯನ ವಿಜ್ಞಾನದ ನೊಬೆಲ್ ಪಡೆದ ಕಿತಗಾವ, ರಾಬ್ಸನ್ ಮತ್ತು ಯಾಘಿ ಅವರ ಲೋಹ-ಸಾವಯವ ಚೌಕಟ್ಟುಗಳಲ್ಲಿ (ಲೋಹದ ಅಯಾನುಗಳನ್ನು ಸಾವಯವ ಅಣುಗಳು ಬೆಸೆದ ರಂಧ್ರಮಯ ಹರಳುಗಳು) ಲೋಹಕ್ಕೂ ಸಾವಯವ ಅಣುವಿಗೂ ನಡುವೆ ಇರುವುದು ಸಾಕಷ್ಟು ಬಲವಾದ ಬಂಧ. ಆದರೂ ಅವು ತಾವಾಗಿಯೇ ಅಚ್ಚುಕಟ್ಟಾದ ಹರಳುಗಳಾಗುತ್ತವೆ. ಹಾಗಾದರೆ ದುರ್ಬಲತೆ ಅನಿವಾರ್ಯ ಎನ್ನುವುದು ಹೇಗೆ?

ಉಪನ್ಯಾಸಕ, ಉಡುಪಿ

ಬಹಳ ಒಳ್ಳೆಯ ಪ್ರಶ್ನೆ; ಇದಕ್ಕೆ ಉತ್ತರಿಸುವಾಗ ನನ್ನ ವಾದವನ್ನು ಇನ್ನಷ್ಟು ನಿಖರವಾಗಿ ಹೇಳಬೇಕಾಗುತ್ತದೆ. ಅನಿವಾರ್ಯವಾದದ್ದು ಬಂಧ ಬಿಟ್ಟು ಮತ್ತೆ ಕೂಡುವ ಅವಕಾಶ. ಬಂಧ ದುರ್ಬಲವೋ ಬಲವೋ ಎಂಬುದು ತಾಪಮಾನಕ್ಕೆ ಮತ್ತು ದ್ರಾವಕಕ್ಕೆ ಹೋಲಿಸಿ ಹೇಳುವ ಮಾತು. ಆ ಚೌಕಟ್ಟುಗಳಲ್ಲಿ ಹಲವನ್ನು ಮುಚ್ಚಿದ ಪಾತ್ರೆಯಲ್ಲಿ, 100 ಡಿಗ್ರಿಯ ಆಸುಪಾಸಿನಲ್ಲಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಿಸುತ್ತಾರೆ. ಆ ಬಿಸಿಯಲ್ಲಿ, ದ್ರಾವಕದ ಅಣುಗಳೂ ಲೋಹಕ್ಕಾಗಿ ಪೈಪೋಟಿ ನಡೆಸುತ್ತಿರುವಾಗ, ಸತುವಿನ ಅಯಾನಿಗೆ ಅಂಟಿದ ಸಾವಯವ ಅಣು ಬಿಟ್ಟುಹೋಗಿ ಸರಿಯಾದ ಕೋನದಲ್ಲಿ ಮರಳಿ ಕೂರಲು ಸಾಧ್ಯವಾಗುತ್ತದೆ. ತಣ್ಣಗಾಗಿ ದ್ರಾವಕವನ್ನು ತೆಗೆದ ಮೇಲೆ ಅದೇ ಬಂಧ ಮಿಸುಕುವುದಿಲ್ಲ. ಅದೇ ಎರಡು ವಸ್ತುಗಳನ್ನು ಆತುರದಿಂದ ಬೆರೆಸಿದರೆ ಹೆಚ್ಚಾಗಿ ಸಿಗುವುದು ತೀರ ಸಣ್ಣ ಹರಳುಗಳ ಪುಡಿ, ಇಲ್ಲವೇ ಹರಳೇ ಇಲ್ಲದ ಗಸಿ.

ಮಲ್ಪೆಯವರು ಕೇಳಿದ ಗಟ್ಟಿತನದ ಪ್ರಶ್ನೆಗೂ ಇದರಲ್ಲಿ ಉಳಿದ ಉತ್ತರವಿದೆ. ಮೊದಲು ದುರ್ಬಲ ಬಲಗಳಿಂದ ಜೋಡಣೆ ಮುಗಿಸಿ, ಬಳಿಕ ಬಲವಾದ ಬಂಧಗಳಿಂದ ಬೀಗ ಹಾಕುವ ಕ್ರಮ ನಮ್ಮ ದೇಹದಲ್ಲೇ ಇದೆ. ಚರ್ಮ, ಮೂಳೆಗಳ ನಾರು ಪ್ರೋಟೀನಾದ ಕೊಲಾಜೆನ್‌ನ ಮೂರು ಎಳೆಗಳ ಸುರುಳಿಯನ್ನು 1954ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ವಿವರಿಸಿದರು. ಆ ಸುರುಳಿಗಳನ್ನು ಹಿಡಿದಿರುವುದು ಹೈಡ್ರೋಜನ್ ಬಂಧಗಳು. ಸುರುಳಿಗಳು ಕೂಡಿ ನಾರುಗಳಾದ ಮೇಲೆ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ನೆರವಿನಿಂದ ಅವುಗಳ ನಡುವೆ ಸಹವೇಲೆನ್ಸೀಯ ಬೆಸುಗೆ ಬೀಳುತ್ತದೆ. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಪ್ರಕಟಿಸಿದ ಎಂಸಿಎಂ-41 ಎಂಬ ರಂಧ್ರಮಯ ಸಿಲಿಕಾವನ್ನು ಮಾಡುವುದೂ ಇದೇ ಕ್ರಮದಲ್ಲಿ: ಸಾಬೂನಿನಂಥ ಅಣುಗಳ ಕೊಳವೆಗಳ ಸುತ್ತ ಸಿಲಿಕಾವನ್ನು ಗಟ್ಟಿಯಾಗಲು ಬಿಟ್ಟು, 500 ಡಿಗ್ರಿಗೂ ಮೇಲೆ ಕಾಯಿಸಿ ಒಳಗಿನದನ್ನು ಸುಟ್ಟುಬಿಟ್ಟರೆ, ಕೆಲವೇ ನ್ಯಾನೋಮೀಟರ್ ಅಗಲದ, ಒಂದೇ ಅಳತೆಯ ರಂಧ್ರಗಳು ಜೇನುಹಟ್ಟಿಯ ಕ್ರಮದಲ್ಲಿ ಉಳಿಯುತ್ತವೆ. ಬಾಲದ ಉದ್ದವನ್ನು ಬದಲಿಸಿದರೆ ರಂಧ್ರದ ಅಳತೆಯೂ ಬದಲಾಗುತ್ತದೆ.